ಜಲಜನಕ ಬಂಧದ ಎರಡು ಸಾಕ್ಷಿಗಳು

ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದೆಂಬುದನ್ನು ನಾವೆಲ್ಲರೂ ಬಲ್ಲೆವು. ಆಮ್ಲಜನಕದ ಸ್ಥಾನದಲ್ಲಿ ಗಂಧಕವಿರುವ ಜಲಜನಕ ಸಲ್ಫೈಡಾದರೋ ಸೊನ್ನೆಗಿಂತ ಸುಮಾರು 60 ಡಿಗ್ರಿ ಕೆಳಗೇ ಕುದಿದು ಅನಿಲವಾಗುತ್ತದೆ. ಹಾಗಾದರೆ ನೀರಿನ ಅಣುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಯಾವುದು? 1920ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿದ್ದ ಲ್ಯಾಟಿಮರ್ ಮತ್ತು ರೋಡ್‌ಬುಷ್ ಎಂಬ ವಿದ್ವಾಂಸರು ಉತ್ತರವೊಂದನ್ನು ಸೂಚಿಸಿದರು: ಒಂದು ಅಣುವಿನ ಜಲಜನಕವು ನೆರೆಯ ಅಣುವಿನ ಆಮ್ಲಜನಕಕ್ಕೂ ದುರ್ಬಲವಾಗಿ ಅಂಟಿಕೊಂಡಿರುತ್ತದೆ. ಇದೇ ಜಲಜನಕ ಬಂಧ.

ಆದರೆ ಜಲಜನಕಕ್ಕೆ ಒಂದೇ ಬಂಧವೆಂಬುದು ರಸಾಯನಶಾಸ್ತ್ರದ ರೂಢಿಯ ನಿಯಮ. ಅದನ್ನು ಮೀರುವ ಊಹೆಗೆ ಸಾಕ್ಷಿ ಬೇಕಾಯಿತು.

ಮೊದಲನೆಯ ಸಾಕ್ಷಿ ಕಂಪನ. ಅಣುವಿನೊಳಗೆ ಪರಮಾಣುಗಳು ಸದಾ ಕಂಪಿಸುತ್ತಿರುತ್ತವೆ. ವೀಣೆಯ ತಂತಿಯನ್ನು ಸಡಿಲಿಸಿದರೆ ಶ್ರುತಿ ಇಳಿಯುವಂತೆ, ಬಂಧವು ಸಡಿಲವಾದರೆ ಕಂಪನಸಂಖ್ಯೆ ಇಳಿಯುತ್ತದೆ. ಕೆಂಪು ಬೆಳಕಿನಾಚೆಯ ಅದೃಶ್ಯ ಕಿರಣಗಳನ್ನು ಅಣುವು ಹೀರುವ ಬಗೆಯಿಂದ ಇದನ್ನು ಅಳೆಯಬಹುದು. 1935–36ರಲ್ಲಿ ಅಮೆರಿಕದ ಹಿಲ್ಬರ್ಟ್, ವುಲ್ಫ್, ಹೆಂಡ್ರಿಕ್ಸ್, ಲಿಡೆಲ್ ಎಂಬವರು ಸ್ಯಾಲಿಸಿಲಾಲ್ಡಿಹೈಡಿನಂತಹ ಪದಾರ್ಥಗಳಲ್ಲಿ ಆಮ್ಲಜನಕ–ಜಲಜನಕ ಬಂಧದ ಪಟ್ಟೆಯು ತನ್ನ ಎಂದಿನ ಸ್ಥಾನದಲ್ಲಿ ಕಾಣದಿರುವುದನ್ನು ಗಮನಿಸಿದರು. 1937ರಲ್ಲಿ ಬ್ಯಾಡ್ಜರ್ ಮತ್ತು ಬಾಯರ್, ಕಂಪನವು ಇಳಿದಷ್ಟೂ ಜಲಜನಕ ಬಂಧವು ಬಲವಾಗಿರುವುದೆಂದು ಪ್ರತಿಪಾದಿಸಿದರು. ಒಂಟಿಯಾದ ನೀರಿನ ಅಣುವಿನಲ್ಲಿ ಈ ಬಂಧದ ಕಂಪನಗಳು ಸೆಂಟಿಮೀಟರಿಗೆ 3,657 ಮತ್ತು 3,756 ತರಂಗಗಳಷ್ಟು. ಮಂಜುಗಡ್ಡೆಯಲ್ಲಾದರೋ ಸುಮಾರು 3,200ರ ಸುತ್ತ ಹರಡಿದ ಅಗಲವಾದ ಪಟ್ಟೆ.

ಎರಡನೆಯ ಸಾಕ್ಷಿ ಉದ್ದ. ಎಕ್ಸ್‌ಕಿರಣಗಳಿಗೆ ಜಲಜನಕವು ಸ್ಪಷ್ಟವಾಗಿ ಕಾಣದು, ನ್ಯೂಟ್ರಾನುಗಳಿಗೆ ಕಾಣುತ್ತದೆ. 1957ರಲ್ಲಿ ಪೀಟರ್ಸನ್ ಮತ್ತು ಲೆವಿ ಭಾರಜಲದ ಮಂಜುಗಡ್ಡೆಯನ್ನು ಹೀಗೆ ಪರೀಕ್ಷಿಸಿ, ಬಂಧದ ಉದ್ದ 1.01 ಆಂಗ್‌ಸ್ಟ್ರಮ್ ಎಂದರು. ಒಂಟಿ ಅಣುವಿನಲ್ಲಿ ಅದು ಸುಮಾರು 0.96. ಆಂಗ್‌ಸ್ಟ್ರಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು. ನೆರೆಯವನ ಸೆಳೆತದಿಂದ ಸ್ವಂತ ಬಂಧವು ಹಿಗ್ಗುತ್ತದೆ, ಹಿಗ್ಗಿದುದರಿಂದ ಸಡಿಲವಾಗುತ್ತದೆ, ಸಡಿಲವಾದುದರಿಂದ ಶ್ರುತಿ ಇಳಿಯುತ್ತದೆ. ಎರಡು ಸಾಕ್ಷಿಗಳೂ ಒಂದೇ ಮಾತನ್ನು ನುಡಿದವು.

ಇಲ್ಲಿಗೆ ವಿಚಾರಣೆ ಮುಗಿಯಿತೆನ್ನುವಂತಿರಲಿಲ್ಲ. ಕೆಲವು ಇಂಗಾಲ–ಜಲಜನಕ ಬಂಧಗಳು ಇಂತಹ ಸೆಳೆತಕ್ಕೆ ಸಿಕ್ಕಿ ಹಿಗ್ಗುವ ಬದಲು ಕುಗ್ಗುವುದನ್ನೂ, ಅವುಗಳ ಕಂಪನವು ಏರುವುದನ್ನೂ ಹೋಬ್ಜಾ ಮತ್ತು ಹಾವ್ಲಾಸ್ 2000ದಲ್ಲಿ ವಿಶದಪಡಿಸಿದರು. ಆದಕಾರಣ 2011ರಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರುಣನ್ ಅವರೂ ಇದ್ದ ಅಂತರರಾಷ್ಟ್ರೀಯ ಮಂಡಲಿಯು ಜಲಜನಕ ಬಂಧದ ಲಕ್ಷಣವನ್ನು ಹೊಸದಾಗಿ ನಿರೂಪಿಸುವಾಗ, ಬಂಧವು "ಸಾಮಾನ್ಯವಾಗಿ" ಹಿಗ್ಗುವುದೆಂದು ಬರೆಯಿತು. ಆ ಒಂದು ಮಾತಿನ ಹಿಂದೆ ತೊಂಬತ್ತು ವರ್ಷಗಳ ಪರಿಶ್ರಮವೂ ವಿನಯವೂ ಅಡಗಿವೆ.