ಸಾಹಿತ್ಯ ಪತ್ರಿಕೆಯ ವೆಚ್ಚ: ಅಚ್ಚಿನಿಂದ ಅಂತರಜಾಲದವರೆಗೆ

ಕನ್ನಡ ಸಾಹಿತ್ಯ ಪತ್ರಿಕೆಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕವಿಗಳು, ವಿಮರ್ಶಕರು. ಯಾವ ಪತ್ರಿಕೆ ಯಾವ ಪಂಥವನ್ನು ಪೋಷಿಸಿತೆಂಬುದು ಅವರ ಜಿಜ್ಞಾಸೆ. ವಾಣಿಜ್ಯ ಪದವೀಧರನೂ ವ್ಯಾಪಾರಿಯೂ ಆದ ನನ್ನನ್ನು ಕಾಡುವ ಪ್ರಶ್ನೆ ಬೇರೆ: ಕೃತಿಯನ್ನು ಓದುಗನಿಗೆ ತಲುಪಿಸುವ ವೆಚ್ಚವನ್ನು ಯಾರು ಹೊತ್ತರು?

ತಾಳೆಗರಿಯ ಕಾಲದಲ್ಲಿ ಆ ಭಾರ ದಾನಿಯದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ವಾಚಕರಿಗೆ ಸುವಿದಿತ. ಮುದ್ರಣಯಂತ್ರ ಬಂದ ಮೇಲೆ ಅದೇ ಭಾರ ಚಂದಾದಾರರಲ್ಲಿ ಹಂಚಿಹೋಯಿತು. ಮಾಸ್ತಿಯವರು 1944ರಿಂದ 1965ರವರೆಗೆ 'ಜೀವನ'ವನ್ನು ನಡೆಸಿದರು. ಗೋಪಾಲಕೃಷ್ಣ ಅಡಿಗರ 'ಸಾಕ್ಷಿ' 1962ರಲ್ಲಿ ಹೊರಟಿತು. 1964ರಲ್ಲಿ ಧಾರವಾಡದಲ್ಲಿ 'ಸಂಕ್ರಮಣ'ವನ್ನು ಆರಂಭಿಸಿದ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಈ ಮೂವರೂ ಆಗ ತರುಣರು. ಇಂತಹ ಪತ್ರಿಕೆಗಳಿಗೆ ಜಾಹೀರಾತು ವಿರಳ. ಕಾಗದಕ್ಕೆ, ಅಚ್ಚುಕೂಟಕ್ಕೆ, ಅಂಚೆಗೆ ಕೊಡಬೇಕಾದದ್ದು ನಗದು. ಚಂದಾ ಬರುವುದು ಮಾತ್ರ ಉದ್ರಿ. ಲೇಖಕರ ಅಭಾವದಿಂದ ನಿಂತ ಪತ್ರಿಕೆಗಳಿಗಿಂತ ಈ ಉದ್ರಿಯಿಂದ ನಿಂತವೇ ಹೆಚ್ಚೆಂದು ನನ್ನ ಎಣಿಕೆ.

ಈ ಮಾತನ್ನು ಹೇಳಲು ನನಗೆ ಸಂಕೋಚವಿದೆ. 1990ರ ಸುಮಾರಿಗೆ ನಾನೊಂದು ತ್ರೈಮಾಸಿಕಕ್ಕೆ ಚಂದಾದಾರನಾಗಿದ್ದೆ. ಅವಧಿ ಮುಗಿದ ಮೇಲೂ ಎರಡು ವರ್ಷ ಸಂಚಿಕೆಗಳು ಬರುತ್ತಲೇ ಇದ್ದವು. ಸಂಪಾದಕರ ನೆನಪಿನ ಕಾರ್ಡುಗಳನ್ನು ಅಂಗಡಿಯ ಬಿಲ್ಲುಗಳೊಡನೆ ತಂತಿಗೆ ಚುಚ್ಚಿ ಮರೆತೆ. ಗಿರಾಕಿಯ ಬಾಕಿಗೆ ವಾರಕ್ಕೊಮ್ಮೆ ಆಳನ್ನು ಕಳುಹಿಸುತ್ತಿದ್ದವನಿಗೆ ತಾನು ಕೊಡಬೇಕಾದ ಬಾಕಿ ಕಾಣಲಿಲ್ಲ! ಅಚೌರ್ಯವನ್ನು ಕುರಿತು ಉಪನ್ಯಾಸ ಕೊಡುತ್ತಿದ್ದ ದಿನಗಳೂ ಅವೇ. ಕೊನೆಗೆ ಪತ್ರಿಕೆಯೇ ನಿಂತಿತು.

ಅಂತರಜಾಲವು ಕಾಗದ, ಅಂಚೆಗಳೆರಡನ್ನೂ ಒಮ್ಮೆಲೇ ನಿವಾರಿಸಿತು. ಯು.ಬಿ. ಪವನಜ ಅವರು 1996ರಲ್ಲಿ 'ವಿಶ್ವಕನ್ನಡ'ವನ್ನು ಆರಂಭಿಸಿದಾಗ ಕನ್ನಡವನ್ನು ಗಣಕದ ತೆರೆಯ ಮೇಲೆ ಮೂಡಿಸುವುದೇ ಸಾಹಸ. ಒಂದೊಂದು ಫಾಂಟಿಗೂ ಒಂದೊಂದು ಸಂಕೇತಕ್ರಮ. ಆ ಫಾಂಟು ಇಲ್ಲದವನಿಗೆ ಕಾಣುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳು. ಎಲ್ಲ ಲಿಪಿಗಳಿಗೂ ಏಕರೂಪದ ಸಂಕೇತ ನೀಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, 2001ರ ವಿಂಡೋಸ್ ಎಕ್ಸ್‌ಪಿಯ ತರುವಾಯವೇ ಅದು ಸಾಮಾನ್ಯರ ಗಣಕಗಳಿಗೆ ಇಳಿಯತೊಡಗಿತು. ಆ ದಶಕದಲ್ಲಿಯೇ ಅಬ್ದುಲ್ ರಶೀದ್ ಅವರ 'ಕೆಂಡಸಂಪಿಗೆ' ಅಂತರಜಾಲದಲ್ಲಿ ಅರಳಿತು. ವಿವೇಕ ಶಾನಭಾಗರು 2005ರಲ್ಲಿ ಆರಂಭಿಸಿದ ತ್ರೈಮಾಸಿಕ 'ದೇಶಕಾಲ'ವಾದರೋ ಏಳು ವರ್ಷ ಅಚ್ಚಿನಲ್ಲಿಯೇ ನಡೆಯಿತು.

ಹೊಸ ಮಾಧ್ಯಮದಲ್ಲಿ ಅಮೆರಿಕದ ಕನ್ನಡಿಗನೂ ಹಳ್ಳಿಯ ವಿದ್ಯಾರ್ಥಿಯೂ ಒಂದೇ ಗಳಿಗೆಯಲ್ಲಿ ಓದಬಲ್ಲರು. ಇದು ಅಲ್ಪ ಲಾಭವಲ್ಲ. ಆದರೆ ವೆಚ್ಚ ಅಳಿಯಲಿಲ್ಲ, ಕಣ್ಣಿಗೆ ಮರೆಯಾಯಿತು. ಜಾಲತಾಣದ ಹೆಸರಿಗೆ ಆವರ್ತಕ ಶುಲ್ಕವಿದೆ, ಬರಹಗಳನ್ನಿರಿಸುವ ಸರ್ವರಿಗೆ ಬಾಡಿಗೆಯಿದೆ. ಸಂಪಾದಕನ ಶ್ರಮವಂತೂ ಯಾವ ಖಾತೆಯಲ್ಲಿಯೂ ಬರೆಯಲ್ಪಡುವುದಿಲ್ಲ. ಚಂದಾದಾರನಿಗೆ ಬಾಕಿಯ ಕಾರ್ಡಾದರೂ ಬರುತ್ತಿತ್ತು. ಬಿಟ್ಟಿಯಾಗಿ ಓದುವವನಿಗೆ ತಾನು ಋಣಿಯೆಂಬ ಅರಿವು ಬರುವುದೆಂತು? ಅಚ್ಚಿನ ಪತ್ರಿಕೆ ನಿಂತರೂ ಹಳೆಯ ಸಂಚಿಕೆಗಳು ಗ್ರಂಥಾಲಯದಲ್ಲಿಯೋ ಯಾರದೋ ಪೆಟ್ಟಿಗೆಯಲ್ಲಿಯೋ ಉಳಿಯುತ್ತವೆ. ತಾಣದ ಶುಲ್ಕ ತಪ್ಪಿದರೆ ಅಲ್ಲಿದ್ದ ಎಲ್ಲ ವರ್ಷಗಳ ಬರಹವೂ ಒಟ್ಟಿಗೆ ಕಾಣದಾಗುವ ಭಯವಿದೆ.

ನಾನು ಚಂದಾ ಕೊಡದ ಆ ತ್ರೈಮಾಸಿಕದ ಎಂಟು ಸಂಚಿಕೆಗಳು ನಮ್ಮ ಅಟ್ಟದಲ್ಲಿ ದೊರೆತವು. ಅಂಚುಗಳನ್ನು ಗೆದ್ದಲು ತಿಂದಿದೆ, ಅಕ್ಷರಕ್ಕೆ ಊನವಿಲ್ಲ. ಮೊಮ್ಮಗಳು ಅವನ್ನು ಸ್ಕ್ಯಾನ್ ಮಾಡಿ ಅಂತರಜಾಲಕ್ಕೆ ಏರಿಸಬಹುದೆನ್ನುತ್ತಾಳೆ. ದಿವಂಗತ ಸಂಪಾದಕರ ಮನೆಯವರಿಗೆ ಅನುಮತಿ ಕೋರಿ ಕಳೆದ ತಿಂಗಳು ಪತ್ರ ಬರೆದೆ. ಎರಡು ವರ್ಷದ ಚಂದಾ ಬಾಕಿಯನ್ನೂ ಬಡ್ಡಿಸಹಿತ ಅದರೊಡನೆ ಇಟ್ಟೆ. ಉತ್ತರ ಇನ್ನೂ ಬಂದಿಲ್ಲ.