ಮೂರು ವರ್ಷದ ಷರತ್ತು | ಅಪ್ಲೈ ಮಾಡಿದವರ ಚರಿತ್ರೆ, ಭಾಗ 4

ಫಾರಿನ್ ಯೂನಿವರ್ಸಿಟಿಗೆ ಅಪ್ಲೈ ಮಾಡ್ತಿದೀರಾ? ಸೀಟು ಸಿಕ್ಕರೂ ದುಡ್ಡು ಎಲ್ಲಿಂದ ಅನ್ನೋ ಚಿಂತೆನಾ? ಹಾಗಾದ್ರೆ ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರ ಕಥೆ ಕೇಳಿ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಐಐಎಸ್‌ಸಿಯಲ್ಲಿ ಸಂಶೋಧನೆಗೆ ಸೇರಿದ್ರು. 1946ರಲ್ಲಿ ವಿದೇಶದಲ್ಲಿ ಓದೋಕೆ ಸರ್ಕಾರಿ ಸ್ಕಾಲರ್‌ಶಿಪ್ ಸಿಕ್ತು. ಜೊತೆಗೆ ಒಂದು ಷರತ್ತು: ಓದು ಮುಗಿಸಿ ವಾಪಸ್ ಬಂದು ಕನಿಷ್ಠ ಮೂರು ವರ್ಷ ಇಲ್ಲೇ ಕೆಲಸ ಮಾಡಬೇಕು. ಒಪ್ಪಿಕೊಂಡ್ರು.

1947ರಲ್ಲಿ ಅಮೆರಿಕಕ್ಕೆ ಹೊರಟಿದ್ದು ವಿಮಾನದಲ್ಲಲ್ಲ. ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸ್ತಿದ್ದ ಹಡಗಿನಲ್ಲಿ, ಸುಮಾರು 30 ದಿನ!

ಮಿಶಿಗನ್ ಯೂನಿವರ್ಸಿಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮಾಸ್ಟರ್ಸ್ ಆಯ್ತು. ಪಿಎಚ್‌ಡಿಗೆ ದುಡ್ಡು? ಅದೇ ಯೂನಿವರ್ಸಿಟಿ ಏಷ್ಯಾದ ಹೆಣ್ಣುಮಕ್ಕಳಿಗೆ ಅಂತಲೇ ಇಟ್ಟಿದ್ದ ಬಾರ್ಬರ್ ಸ್ಕಾಲರ್‌ಶಿಪ್ ಕೈಹಿಡೀತು.

1953ರಲ್ಲಿ ಡಾಕ್ಟರೇಟ್ ಪಡೆದು ಅದೇ ಐಐಎಸ್‌ಸಿಗೆ ಮೇಡಂ ಆಗಿ ಬಂದ್ರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಮೈಕ್ರೋವೇವ್ ಸಂಶೋಧನೆ ಬೆಳೆಸಿದ್ರು. ಮೂರು ವರ್ಷದ ಷರತ್ತಿಗೆ ಬಂದವರು ನಿವೃತ್ತಿಯವರೆಗೂ ಅಲ್ಲೇ ಪಾಠ ಮಾಡಿದ್ರು.

ನಿಮ್ಮ ಲಿಸ್ಟಿನಲ್ಲಿ ಯೂನಿವರ್ಸಿಟಿ ಹೆಸರಿನ ಪಕ್ಕ ಅಲ್ಲಿನ ಸ್ಕಾಲರ್‌ಶಿಪ್ ಹೆಸರೂ ಬರ್ಕೊಳ್ಳಿ. ಬಾರ್ಬರ್ ಇವತ್ತಿಗೂ ಇದೆ. ಆದ್ರೆ ಯಾವ ದುಡ್ಡಿಗೂ ಒಂದು ಷರತ್ತು ಇರುತ್ತೆ. ಪೂರ್ತಿ ಓದಿ, ಮನೆಯವರ ಜೊತೆ ಮಾತಾಡಿ, ಆಮೇಲೆ ಸಹಿ ಹಾಕಿ.