ಹಾಲಿನ ಲೆಕ್ಕದ ಹಿಂದಿನ ಹಾಳಿ

ದಸರಾ ಹತ್ರ ಬಂತಂದ್ರ ನಮ್ಮ ವೈನಿಗೆ ರದ್ದಿಯಂವ ನೆನಪಾಗತಾನ. ಈ ಸಲ ಅವರ ಮನಿಗೆ ಹೋದಾಗ ಟ್ರಂಕ ಖಾಲಿ ಮಾಡೂ ಕೆಲಸಕ್ಕ ನನ್ನನ್ನೂ ಹಚ್ಚಿದ್ರು. ತಳದಾಗ ಒಂದು ಕಾಗದದ ಕಟ್ಟು ಸಿಕ್ಕಿತು. ಎರಡೂ ಅಂಚಿಗೆ ತೂತು ಇರೂ, ಒಂದಕ್ಕೊಂದು ಕೂಡಿಕೊಂಡ ಹಾಳಿ, ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನವು. ಒಂದು ಮಗ್ಗಲಿಗೆ ಮಸುಕಾದ ಇಂಗ್ಲಿಷ್ ಅಕ್ಷರ. ಇನ್ನೊಂದು ಮಗ್ಗಲಿಗೆ ವೈನಿಯ ಕೈಬರಹದಾಗ 1995ನೇ ಇಸವಿಯ ಹಾಲಿನ ಲೆಕ್ಕ. ಮುಂಜಾನೆ ಅರ್ಧ ಲೀಟರ್, ಸಂಜೀಕ ಪಾವು ಲೀಟರ್, ನಡುನಡುವ "ಬರಲಿಲ್ಲ".

"ಅದನ್ನ ಒಗೀಬ್ಯಾಡ, ನನ್ನ ಲೆಕ್ಕ ಅದಾವ" ಅಂದ್ರು ವೈನಿ. ಅಣ್ಣ ಕೈಯಾಗ ತೊಗೊಂಡು, ಮಗ್ಗಲಾ ಹೊಳ್ಳಿಸಿ ನೋಡಿ, ಸುಮ್ಮನ ಕೂತುಬಿಟ್ಟ. ಆಮ್ಯಾಲೆ "ಇದು ವರ್ಚುವಲ್ ರಿಯಾಲಿಟಿದ ಯಾದಿ" ಅಂದ.

ಅಣ್ಣನ ಮಗ ಆ ಹೊತ್ತಿಗೆ ಕಣ್ಣಿಗೆ ಹೆಡ್‌ಸೆಟ್ ಕಟಗೊಂಡು ಪಡಸಾಲಿಯೊಳಗ ಕೈ ಬೀಸಲಿಕ್ಕತ್ತಿದ್ದ. ಈಗಾಗಲೇ ಒಂದು ನೀರಿನ ತಂಬಿಗಿ ಉರುಳಿಸಿದ್ದ. ಅದನ್ನ ಹಣಿ ಮ್ಯಾಲೆ ಏರಿಸಿ ಕೇಳಿದ: "ಯಾದಿ ಯಾಕಪ್ಪಾ? ಹುಡುಕಿದ್ರ ಸಿಗತದಲ್ಲ?"

ಈ ಮಾತಿಗೆ ಉತ್ತರ ಹೇಳಲಿಕ್ಕೆ ಅಣ್ಣಗ ಎರಡು ಸಂಜಿ ಬೇಕಾದ್ವು. ಅಂವ ಹೇಳಿದ್ದು, ಆಮ್ಯಾಲೆ ನಾ ಓದಿ ತಿಳಕೊಂಡದ್ದು, ಎರಡೂ ಕೂಡಿಸಿ ಇಲ್ಲಿ ಬರದೇನಿ.

ತಲೀಗೆ ಪರದೆ ಕಟಗೊಂಡು ಇಲ್ಲದ ಲೋಕ ನೋಡೂದು ಹೊಸಾದಲ್ಲ. 1968ರಾಗನ ಅಮೆರಿಕಾದ ಐವನ್ ಸದರ್ಲೆಂಡ್ ಅಂಥಾದ್ದೊಂದು ಮಾಡಿದ್ರು. ತಲಿ ಎತ್ತ ಹೊಳ್ಳತದ ಅಂತ ಅಳೆಯೂ ಅದರ ಸಲಕರಣಿ ಛತ್ತಿನಿಂದ ಇಳಿಬಿದ್ದಿತ್ತು. 1980ರ ದಶಕದಾಗ ಜೇರನ್ ಲೆನಿಯರ್ ಅವರ ವಿಪಿಎಲ್ ಕಂಪನಿ ಕಣ್ಣಿನ ಪರದೆ, ತಂತಿ ಹಾಕಿದ ಕೈಗವಸು ಮಾರಲಿಕ್ಕೆ ಸುರು ಮಾಡಿತು. 'ವರ್ಚುವಲ್ ರಿಯಾಲಿಟಿ' ಅನ್ನೂ ಹೆಸರು ಮಂದಿ ಬಾಯಾಗ ಬಂದದ್ದು ಲೆನಿಯರ್ ಅವರಿಂದನ. ಆದ್ರ ಆ ಕೈಗವಸಿನ ಬೆಲಿ ಸಾವಿರಾರು ಡಾಲರ್. ನಾಸಾದಂಥವರು ತೊಗೋಬಹುದು, ಹಾಸ್ಟೆಲ್ ಹುಡುಗರು ತೊಗೊಳ್ಳಾಕ ಆಗತದೇನು?

ರೊಕ್ಕಿಲ್ಲದವರಿಗೆ ಇದ್ದ ದಾರಿ ಒಂದನ: ಯಾರರೆ ಮಾಡಿಟ್ಟು ಪುಕಟ ಹಂಚಿದ್ದನ್ನ ಹುಡುಕಿ ತರೂದು. 1990ರ ಆಸುಪಾಸು ಅಂಥಾ ಸಾಮಾನು ವಿಶ್ವವಿದ್ಯಾಲಯಗಳ ಯಂತ್ರದಾಗ ಇರತಿತ್ತು. ಎಫ್‌ಟಿಪಿ ಅಂತ ಒಂದು ಪದ್ಧತಿ. ದೂರದ ಯಂತ್ರದ ಬಾಗಲಾ ಬಡೀಬೇಕು. ಹೆಸರು ಕೇಳಿದ್ರ 'ಅನಾನಿಮಸ್', ಅಂದ್ರ ಹೆಸರಿಲ್ಲದಂವ ಅನ್ನಬೇಕು. ಪಾಸ್‌ವರ್ಡ್ ಕೇಳಿದ್ರ ತನ್ನ ಇಮೇಲ್ ವಿಳಾಸ ಕೊಡಬೇಕು. ಹೆಸರಿಲ್ಲಂತ, ವಿಳಾಸ ಮಾತ್ರ ಐತಂತ! ನಂಗ ನಗಿ ತಡಕೊಳ್ಳಾಕ ಆಗಲಿಲ್ಲ. ಒಳಗ ಹೋದ ಮ್ಯಾಲೆ ಕಪಾಟಿನಂಗ ಡೈರೆಕ್ಟರಿ ಇರತಿದ್ವು, ಬೇಕಾದ್ದು ತೊಗೊಂಡು ಬರೂದು.

ಆದ್ರ ಯಾವ ಬಾಗಲಾ ಬಡೀಬೇಕು? ತ್ರಾಸ ಇದ್ದದ್ದು ಇಲ್ಲಿ.

1990ರಾಗ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಅಲನ್ ಎಮ್ಟೇಜ್ ಮತ್ತ ಅವರ ಜೋಡಿಯವರು 'ಆರ್ಚಿ' ಅನ್ನೂ ಸಾಧನ ಮಾಡಿದ್ರು. ಅದು ಎಫ್‌ಟಿಪಿ ಯಂತ್ರಗಳ ಯಾದಿ ತರಿಸಿ, ಯಾವ ಫೈಲ್ ಎಲ್ಲಿ ಅದ ಅಂತ ಹೇಳತಿತ್ತು. ಆದ್ರ ಅದಕ್ಕ ಗೊತ್ತಿದ್ದದ್ದು ಫೈಲಿನ ಹೆಸರಷ್ಟ. ಒಳಗೇನದ ಗೊತ್ತಿಲ್ಲ. ನಮ್ಮವ್ವನ ಅಡಿಗಿಮನಿ ನೆನಪಾಯಿತು ನೋಡ್ರಿ. ಬೋರ್ನವಿಟಾ ಡಬ್ಬಿಯೊಳಗ ಸಾಸವಿ, ಬಿಸ್ಕೀಟಿನ ಡಬ್ಬಿಯೊಳಗ ಒಣ ಮೆಣಸಿನಕಾಯಿ, ಅಡಕಲ ಗಡಿಗಿಯೊಳಗ ಮೂರನೇದು ಬೆಲ್ಲ. ಹೊರಗಿನ ಚೀಟಿ ಓದಿ ಹುಡುಕೂ ಸೊಸಿಗೆ ಏನೂ ಸಿಗತಿರಲಿಲ್ಲ. ಅವ್ವ ಕೂತಲ್ಲಿಂದನ ಹೇಳಬೇಕು.

ಆ ಕಾಲದ ವರ್ಚುವಲ್ ರಿಯಾಲಿಟಿಯೊಳಗೂ ಹಿಂಗ ಇತ್ತು. ಮನಿ ಕಂಪ್ಯೂಟರಿನ್ಯಾಗ ಮೂರು ಆಯಾಮದ ಲೋಕ ತೋರಸೂ ಒಂದು ಛಲೋ ಪುಕಟ ಪ್ರೋಗ್ರಾಮ್ ಇತ್ತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಾಗ ಡೇವ್ ಸ್ಟಾಂಪಿ ಮತ್ತ ಬರ್ನಿ ರೋಲ್ ಬರದದ್ದು. ಅದರ ಹೆಸರು 'ರೆಂಡ್386'. 386 ಅಂದ್ರ ಆವಾಗಿನ ಇಂಟೆಲ್ ಚಿಪ್ಪು. ಆರ್ಚಿಗೆ 'ವರ್ಚುವಲ್' ಅಂತ ಕೇಳಿದ್ರ ಈ ಹೆಸರು ಹೆಂಗ ಬರಬೇಕು? ಮೊದಲ ಹೆಸರು ಗೊತ್ತಿದ್ದವಗ ಮಾತ್ರ ಸಿಗತಿತ್ತು. ಗೊತ್ತಿದ್ದವಗ ಹುಡುಕೂ ಗರಜ ಏನು, ಅದೂ ಒಂದು ಮಾತು.

1991ರಾಗ ಮಿನೆಸೋಟ ವಿಶ್ವವಿದ್ಯಾಲಯದಿಂದ 'ಗೋಫರ್' ಬಂತು, ಮೆನು ಹಿಡದು ಒಳಗೊಳಗ ಇಳಿಯೂದು. ಮುಂದಿನ ವರ್ಷ ಗೋಫರ್ ಮೆನು ಹುಡುಕಲಿಕ್ಕೆ 'ವೆರೋನಿಕಾ' ಬಂತು. ಆರ್ಚಿ ಅನ್ನೂದು 'ಆರ್ಕೈವ್' ಅನ್ನೂದರಿಂದ ಒಂದಕ್ಷರ ತಗದು ಮಾಡಿದ ಹೆಸರು. ಹಿಂದ ಬಂದವರು ಕಾಮಿಕ್ಸಿನ ಆರ್ಚಿಯ ಗೆಳತಿ ಹೆಸರು ಇಟ್ಟುಬಿಟ್ರು.

ಹಂಗಾಗಿ ಖರೇ ದಾರಿ ತೋರಿಸಿದವರು ಅವ್ವನಂಥಾ ಮಂದಿನ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಾಗ 1989ರಾಗ ಟಾಮ್ ಫರ್ನೆಸ್ ಅವರು ಹಿಟ್ ಲ್ಯಾಬ್ ಅನ್ನೂ ಪ್ರಯೋಗಾಲಯ ಕಟ್ಟಿದ್ರು. ಅವರು ಅದಕ್ಕ ಮೊದಲ ಅಮೆರಿಕಾದ ವಾಯುಪಡೆಯೊಳಗ ಪೈಲಟ್‌ಗಳ ಕಣ್ಣಿನ ಮುಂದಿನ ಪರದೆ ಮ್ಯಾಲೆ ಕೆಲಸ ಮಾಡಿದವರು. ಈ ವಿಷಯದ ಲೇಖನ, ಚರ್ಚೆ ಎಲ್ಲಾ ಕೂಡಿಡೂ ದೊಡ್ಡ ಕಣಜ ಆ ವಿಶ್ವವಿದ್ಯಾಲಯದ ಯಂತ್ರನ ಆಯಿತು. ಯಾರರೆ ದಿನಾ ಕೂತು ಓದಿ, ಜೊಳ್ಳು ತೂರಿ, ಕಾಳು ಇಟ್ಟರು.

ಇನ್ನ ಅಣ್ಣನ ಕಟ್ಟು. ಅದು ಜೆರ್ರಿ ಇಸ್ಡೇಲ್ ಅನ್ನೂವರು ಬರದ 'ವಾಟ್ ಈಸ್ ವರ್ಚುವಲ್ ರಿಯಾಲಿಟಿ', ಆವೃತ್ತಿ 2.1, ಅಕ್ಟೋಬರ್ 1993. ಹೆಸರಿನ ಕೆಳಗ 'ಹೋಂಬ್ರೂ' ಅನ್ನೂ ಶಬ್ದ ಅದ. ಮೂಲ ಅರ್ಥ ಮನ್ಯಾಗ ಇಳಿಸಿದ ಬಿಯರ್ ಅಂತ, ಇಲ್ಲಿ ಅಂಗಡಿ ಮಾಲಲ್ಲ, ಕೈಯಾರ ಮಾಡಿದ್ದು ಅನ್ನೂ ಭಾವ. ವರ್ಚುವಲ್ ರಿಯಾಲಿಟಿ ಅಂದ್ರೇನು, ಏನೇನು ಸಲಕರಣಿ ಬೇಕು, ಕಡಿಮಿ ಖರ್ಚಿನ್ಯಾಗ ಎಷ್ಟಾಗತದ, ಎಲ್ಲೆಲ್ಲಿ ಏನು ಸಿಗತದ, ಇದೆಲ್ಲಾ ಒಬ್ಬರ ಕೈಲೆ ಆಗಿದ್ದು. ಚಿತ್ರ ಇಲ್ಲ, ಬರೇ ಅಕ್ಷರ. ಈ ಆವೃತ್ತಿ ಸಂಖ್ಯೆ ನನಗ ಭಾಳ ಹಿಡಿಸಿತು. ತಿದ್ದತನ ಇದ್ರು ಅಂತ ಅರ್ಥ ಆತಲ್ಲ.

ಇಂಥಾ ಯಾದಿ ಓದಿದವರು ಮನ್ಯಾಗ ಏನು ಮಾಡತಿದ್ರು ಕೇಳ್ರಿ. ಮ್ಯಾಟೆಲ್ ಕಂಪನಿ 1989ರಾಗ ನಿಂಟೆಂಡೊ ಆಟಕ್ಕ 'ಪವರ್ ಗ್ಲವ್' ಅನ್ನೂ ಮಕ್ಕಳ ಕೈಗವಸು ಮಾರಿತ್ತು. ಬೆರಳು ಮಡಚಿದ್ದು ಗೊತ್ತಾಗಲಿಕ್ಕೆ ಒಳಗ ವಿದ್ಯುತ್ ಹರಿಯೂ ಶಾಯಿ. ಕೈ ಎಲ್ಲದ ಅನ್ನಲಿಕ್ಕೆ ಕಿವಿಗೆ ಕೇಳದ ಶಬ್ದ. ಕಿರುಬೆರಳಿಗೆ ಏನೂ ಇರಲಿಲ್ಲ. ವಿಪಿಎಲ್ ಕೈಗವಸಿನ ಬೆಲಿಯೊಳಗ ಒಂದು ಸಣ್ಣ ಪಾಲು ರೊಕ್ಕಕ್ಕ ಇದು ಬರತಿತ್ತು. ಅದನ್ನ ಬಿಚ್ಚಿ, ತಂತಿ ಬೆಸದು, ಪ್ರಿಂಟರ್ ಚುಚ್ಚೂ ಜಾಗಾಕ್ಕ ಜೋಡಿಸಿ, ಸೆಗಾ ಆಟದ ಮೂರು ಆಯಾಮದ ಕನ್ನಡಕ ಕೂಡಿಸಿ, ರೆಂಡ್386 ಹಾಕಿದ್ರು. ಆತು, ಮನಿ ಮೇಜಿನ ಮ್ಯಾಲೆ ಹೊಸ ಲೋಕ!

ನಮ್ಮ ಕಡೆ? ಸಾಮಾನ್ಯ ಮಂದಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ಕ್ಕ, ವಿಎಸ್ಎನ್ಎಲ್ ಕೈಲೆ. ಅದಕ್ಕ ಮೊದಲ ಇದ್ದದ್ದು ಅರ್ನೆಟ್. ಐದು ಐಐಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬಯಿಯ ಎನ್‌ಸಿಎಸ್‌ಟಿ, ದಿಲ್ಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ ಕೂಡಿ 1986ರಿಂದ ಕಟ್ಟಿದ ಜಾಲ. ಎಷ್ಟೋ ಮಂದಿಗೆ ಇಮೇಲ್ ಅಷ್ಟ ಸಿಗತಿತ್ತು. ಅವರಿಗಂತ 'ಎಫ್‌ಟಿಪಿ ಮೇಲ್' ಇತ್ತು. ಇಂಥಾ ಯಂತ್ರದಾಗಿನ ಇಂಥಾ ಫೈಲ್ ಕಳಸ್ರಿ ಅಂತ ಪತ್ರ ಬರದ್ರ, ಆ ಕಡೆಯ ಯಂತ್ರ ಫೈಲನ್ನ ಅಕ್ಷರಕ್ಕ ತಿರುಗಿಸಿ, ತುಂಡು ಮಾಡಿ, ಒಂದೊಂದ ಪತ್ರದಾಗ ಕಳಸತಿತ್ತು. ತುಂಡು ಹಿಂದಮುಂದ ಬರತಿದ್ವು. ಎಲ್ಲಾ ಕೂಡಿಸಿ ಮತ್ತ ಫೈಲ್ ಮಾಡಬೇಕು. ಒಂದು ತುಂಡು ತಪ್ಪಿದ್ರ ಉಳದದ್ದೆಲ್ಲಾ ವ್ಯರ್ಥ.

ಇಸ್ಡೇಲ್ ಅವರ ಬರಹ ಅಣ್ಣಗ ಪೂರ್ತಿ ಬಂತು. ರೆಂಡ್386ರ ಒಂದು ತುಂಡು ನಡುದಾರಿಯೊಳಗ ಎಲ್ಲೋ ಬಿತ್ತು. ಎರಡು ಸಲ ಬರದ, ಆಮ್ಯಾಲೆ ಬಿಟ್ಟ. ಅಂವ ಆ ಲೋಕ ಕಣ್ಣಿಲೆ ನೋಡಲೇ ಇಲ್ಲ, ಬರೇ ಓದಿದ. ಇದನ್ನ ನಂಗ ಮೂವತ್ತು ವರ್ಷದಾಗ ಒಮ್ಮೆಯೂ ಹೇಳಿರಲಿಲ್ಲ.

ಅಷ್ಟರಾಗ ವೆಬ್ ಬಂತು. 1993ರ ಡಿಸೆಂಬರಿನ್ಯಾಗ ಮ್ಯಾಥ್ಯೂ ಗ್ರೇ ಎಣಿಸಿದಾಗ ಜಗತ್ತಿನ್ಯಾಗ 623 ಸೈಟ್ ಇದ್ವು. 1994ರ ಮೇದಾಗ ಜಿನೀವಾದ ಮೊದಲ ವೆಬ್ ಸಮ್ಮೇಳನದಾಗ ಮಾರ್ಕ್ ಪೆಶಿ, ಟೋನಿ ಪ್ಯಾರಿಸಿ ಅವರ ಕೆಲಸ ನೋಡಿ ಮಂದಿ ಹುರುಪಾದ್ರು. ವೆಬ್ಬಿನ ಪುಟನ ಮೂರು ಆಯಾಮದ್ದಾಗತದ ಅಂತ 'ವಿಆರ್‌ಎಂಎಲ್' ಅನ್ನೂ ಭಾಷಾ ಹುಟ್ಟಿತು. ಫೋನ್ ಲೈನಿನ ವೇಗದಾಗ ಅದು ಮಂದಿ ಮನೀಗೆ ಮುಟ್ಟಲಿಲ್ಲ.

ಹುಡುಗ ಅಪ್ಪನ ಮಾತು ಕೇಳಿ ಕಟ್ಟಿನ್ಯಾಗಿನ ವಿಳಾಸ ಬಡದು ನೋಡಿದ. ಒಂದೂ ಹೂಂ ಅನ್ನಲಿಲ್ಲ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಾಗ ಎಫ್‌ಟಿಪಿನ ಕೈಬಿಟ್ಟಾವ. ಆದ್ರ ಆ ಬರಹ ಮಾತ್ರ ಸಿಕ್ಕಿತು. ಬ್ಯಾರೆ ಯಾರೋ ನಕಲು ಮಾಡಿ ಇನ್ನೆಲ್ಲೋ ಇಟ್ಟಿದ್ರು.

ಅಣ್ಣನ ಕಟ್ಟಿನ್ಯಾಗ ನಡುವ ಎರಡು ಹಾಳಿ ಇರಲಿಲ್ಲ. ನಾಗಂದಿಗಿ ಮ್ಯಾಲೆ ಹಾಸಲಿಕ್ಕೆ ತಾನ ಹರದಿದ್ದೆ ಅಂತ ವೈನಿ ಒಪ್ಪಿಕೊಂಡ್ರು. ಹುಡುಗ ಆ ಭಾಗ ಪರದೆ ಮ್ಯಾಲೆ ತಗದು ಅಪ್ಪಗ ತೋರಿಸಿದ. ಅಣ್ಣ ಕನ್ನಡಕ ಒರಸಿ ಒರಸಿ ಓದಿದ.

ವೈನಿ ಹಿಂದ ನಿಂತು ಇಣುಕಿದ್ರು. "ಹಂಗಾರ ನವೆಂಬರಿನ ಹಾಲಿಂದು ಎಲ್ಲಿ ಸಿಗತದ ನೋಡು" ಅಂದ್ರು.